ಮೂರು ಪುಟ್ಟ ದೇಶಗಳ ಸಿನಿಮಾ ಹೊರದೇಶದ ಪರದೆಗೆ ಬರುವುದು ಹೇಗೆ?

ಪ್ರಶ್ನೆ: ನಾನಿರುವುದು ಅಮೆರಿಕದ ಬಾಸ್ಟನ್ ಹತ್ತಿರ. ಇಲ್ಲಿ ಪ್ರತಿವರ್ಷ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ದೇಶಗಳ ಸಿನಿಮಾಗಳನ್ನು ಸೇರಿಸಿ ಬಾಲ್ಟಿಕ್ ಚಿತ್ರೋತ್ಸವ ನಡೆಯುತ್ತದೆ. ಇಷ್ಟು ಚಿಕ್ಕ ದೇಶಗಳಿಗೆ ಇದು ಹೇಗೆ ಸಾಧ್ಯ? ಆಯ್ಕೆ, ಹಕ್ಕು, ಪ್ರತಿ, ಸಬ್‌ಟೈಟಲ್ ಇವೆಲ್ಲ ಯಾರ ಕೆಲಸ? ನಮ್ಮ ಕನ್ನಡ ಕೂಟದಲ್ಲೂ ಕನ್ನಡ ಚಿತ್ರಗಳ ಇಂಥದ್ದೊಂದು ಉತ್ಸವ ಮಾಡುವ ಮಾತು ನಡೆದಿದೆ. ಅವರಿಂದ ಏನು ಕಲಿಯಬಹುದು?

ಉತ್ತರ: ಮೂರೂ ದೇಶಗಳ ಜನರನ್ನು ಒಟ್ಟು ಸೇರಿಸಿದರೂ ಅರವತ್ತು ಲಕ್ಷದ ಆಸುಪಾಸು. ಬೆಂಗಳೂರು ಒಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಅಷ್ಟು ಸಣ್ಣ ಮಾರುಕಟ್ಟೆಯಲ್ಲಿ ಟಿಕೆಟ್ ದುಡ್ಡಿನಿಂದಲೇ ಸಿನಿಮಾ ಬದುಕಲು ಆಗುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತು. ಆದ್ದರಿಂದ ಚಿತ್ರವನ್ನು ಹೊರಗೆ ಕಳಿಸುವುದು ಅಲ್ಲಿ ಚಿತ್ರ ಮಾಡುವಷ್ಟೇ ಮುಖ್ಯ ಕೆಲಸ. ಅದಕ್ಕೆಂದೇ ಮೂರೂ ಕಡೆ ಸರ್ಕಾರಿ ಸಂಸ್ಥೆಗಳಿವೆ: ಟ್ಯಾಲಿನ್‌ನಲ್ಲಿ ಎಸ್ಟೋನಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್, ರೀಗಾದಲ್ಲಿ ಲಾಟ್ವಿಯಾದ ರಾಷ್ಟ್ರೀಯ ಚಲನಚಿತ್ರ ಕೇಂದ್ರ, ವಿಲ್ನಿಯಸ್‌ನಲ್ಲಿ 2012ರಲ್ಲಿ ಶುರುವಾದ ಲಿಥುವೇನಿಯನ್ ಫಿಲ್ಮ್ ಸೆಂಟರ್. ಕಾನ್, ಬರ್ಲಿನ್ ಚಿತ್ರ ಮಾರುಕಟ್ಟೆಗಳಲ್ಲಿ ಈ ಮೂವರೂ 'ಬಾಲ್ಟಿಕ್ ಫಿಲ್ಮ್ಸ್' ಎಂಬ ಒಂದೇ ಹೆಸರಿನಡಿ ಒಟ್ಟಾಗಿ ಕೂರುತ್ತಾರೆ. ಭಾಷೆ ಒಂದೇ ಎಂಬ ಕಾರಣಕ್ಕೆ ಸೇರಿದವರಲ್ಲ. ಲಾಟ್ವಿಯನ್, ಲಿಥುವೇನಿಯನ್ ಒಂದು ಕುಟುಂಬದ ಭಾಷೆಗಳಾದರೆ ಎಸ್ಟೋನಿಯನ್ ಫಿನ್ನಿಷ್‌ನ ನಂಟು. ಅವರನ್ನು ಒಂದು ಮೇಜಿಗೆ ತಂದದ್ದು 20ನೇ ಶತಮಾನದ ಇತಿಹಾಸ ಮತ್ತು ಖರ್ಚಿನ ಲೆಕ್ಕ.

ಹೊರದೇಶದ ಉತ್ಸವಗಳು ಎರಡು ಬಗೆ. ಜರ್ಮನಿಯ ಲ್ಯೂಬೆಕ್‌ನಲ್ಲಿ 1956ರಿಂದ ನಡೆಯುತ್ತಿರುವ ನಾರ್ಡಿಕ್ ಚಿತ್ರೋತ್ಸವ ಬಾಲ್ಟಿಕ್ ಚಿತ್ರಗಳನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಅದು ಸಂಬಳದ ಸಿಬ್ಬಂದಿ ಇರುವ ದೊಡ್ಡ ವ್ಯವಸ್ಥೆ. ಬಾಸ್ಟನ್‌ನ ಎಮರ್ಸನ್ ಪ್ಯಾರಮೌಂಟ್ ಸೆಂಟರ್‌ನಲ್ಲಿ, ನ್ಯೂಯಾರ್ಕ್‌ನ ಸ್ಕ್ಯಾಂಡಿನೇವಿಯಾ ಹೌಸ್‌ನಲ್ಲಿ ನಡೆಯುವವು ಇನ್ನೊಂದು ಬಗೆ. ಇಂಥ ಕಡೆ ಊರಿನ ವಲಸಿಗ ಸಮುದಾಯ ಇಲ್ಲವೇ ಸ್ಥಳೀಯ ಸಾಂಸ್ಕೃತಿಕ ಸಂಸ್ಥೆ ಮುಂದೆ ನಿಲ್ಲುತ್ತದೆ. ಮೂರು ರಾಷ್ಟ್ರೀಯ ಸಂಸ್ಥೆಗಳು ಮತ್ತು ರಾಯಭಾರ ಕಚೇರಿಗಳು ಹಿಂದಿನಿಂದ ಕೈಜೋಡಿಸುತ್ತವೆ. ನಿಮ್ಮ ಕೂಟಕ್ಕೆ ಮಾದರಿ ಈ ಎರಡನೆಯದೇ. ಹಾಗಾಗಿ ಮುಂದಿನ ಮಾತೆಲ್ಲ ಅಂಥ ಉತ್ಸವವನ್ನು ಕುರಿತು.

ಕೆಲಸ ಶುರುವಾಗುವುದು ಕ್ಯಾಲೆಂಡರ್‌ನಿಂದ. ಫೆಬ್ರವರಿ ಕೊನೆಗೆ ಉತ್ಸವ ಎಂದಿಟ್ಟುಕೊಳ್ಳಿ. ಹಿಂದಿನ ಜೂನ್‌ನಲ್ಲೇ ಸಭಾಂಗಣ ಹಿಡಿಯಬೇಕು. ಹೊಸ ಬಾಲ್ಟಿಕ್ ಚಿತ್ರಗಳು ಮೇ ತಿಂಗಳ ಕಾನ್, ಆಗಸ್ಟ್‌ನ ಲೊಕಾರ್ನೊ, ಸೆಪ್ಟೆಂಬರ್‌ಗೆ ಮುಗಿಯುವ ವೆನಿಸ್, ನವೆಂಬರ್‌ನ ಟ್ಯಾಲಿನ್ ಬ್ಲ್ಯಾಕ್ ನೈಟ್ಸ್ ಹೀಗೆ ಯುರೋಪಿನ ಚಿತ್ರೋತ್ಸವಗಳಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಆಯ್ಕೆದಾರರು ಅವುಗಳ ಬೆನ್ನು ಹತ್ತಿ, ಪಾಸ್‌ವರ್ಡ್ ಇರುವ ಲಿಂಕ್ ತರಿಸಿ ನೋಡಿ, ಡಿಸೆಂಬರ್ ಮಧ್ಯದೊಳಗೆ ಪಟ್ಟಿ ಮುಗಿಸಬೇಕು. ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದವರೆಗೆ ಯುರೋಪಿನ ಯಾವ ಕಚೇರಿಯೂ ಪತ್ರಕ್ಕೆ ಉತ್ತರ ಕೊಡುವುದಿಲ್ಲ. ಈ ಎರಡು ವಾರ ಲೆಕ್ಕಕ್ಕೆ ತೆಗೆದುಕೊಳ್ಳದ ಉತ್ಸವಗಳು ಜನವರಿ ಕೊನೆಯಲ್ಲಿ ಅರ್ಧ ಖಾಲಿ ವೇಳಾಪಟ್ಟಿ ಹಿಡಿದು ಪರದಾಡುತ್ತವೆ. ಇನ್ನೊಂದು ವಿಷಯ: ಫೆಬ್ರವರಿ 16 ಲಿಥುವೇನಿಯಾದ, 24 ಎಸ್ಟೋನಿಯಾದ ಸ್ವಾತಂತ್ರ್ಯ ದಿನ. ಆ ದಿನಗಳ ಸಂಜೆ ಆಯಾ ಸಮುದಾಯದವರು ತಮ್ಮ ಸಭೆಗಳಲ್ಲಿರುತ್ತಾರೆ, ಚಿತ್ರಮಂದಿರಕ್ಕೆ ಬರುವುದಿಲ್ಲ.

ಹಕ್ಕು ಯಾರ ಕೈಯಲ್ಲಿದೆ ಎನ್ನುವುದು ಚಿತ್ರ ಯಾವ ಬಗೆಯದು, ಎಲ್ಲೆಲ್ಲಿ ಹೋಗಿಬಂದಿದೆ ಎಂಬುದರ ಮೇಲೆ ಹೋಗುತ್ತದೆ. ಸಣ್ಣ ಸಾಕ್ಷ್ಯಚಿತ್ರವಾದರೆ ನಿರ್ಮಾಪಕರೇ ಒಪ್ಪಿಗೆ ಕೊಡುತ್ತಾರೆ. ದೊಡ್ಡ ಉತ್ಸವಕ್ಕೆ ಹೋಗಿಬಂದ ಕಥಾಚಿತ್ರವಾದರೆ ಪ್ಯಾರಿಸ್‌ನಲ್ಲೋ ಬರ್ಲಿನ್‌ನಲ್ಲೋ ಇರುವ, ಚಿತ್ರದ ಹೊರದೇಶದ ಹಕ್ಕು ಮಾರುವ ಸೇಲ್ಸ್ ಏಜೆಂಟ್‌ಗೆ ಬರೆಯಬೇಕು. ಒಂದು ಪ್ರದರ್ಶನಕ್ಕೆ ಸಾಮಾನ್ಯವಾಗಿ ಕೆಲವು ನೂರು ಯೂರೋ ಸ್ಕ್ರೀನಿಂಗ್ ಫೀ ಕೇಳುತ್ತಾರೆ. ನಿಮ್ಮ ದೇಶದಲ್ಲಿ ಹಂಚಿಕೆದಾರ ಸಿಕ್ಕಿದ ಮೇಲಂತೂ ಏಜೆಂಟ್ ಕೈಯಲ್ಲೂ ಏನೂ ಉಳಿಯುವುದಿಲ್ಲ. ಗಿಂಟ್ಸ್ ಜಿಲ್ಬಲೋದಿಸ್ ಅವರ 'ಫ್ಲೋ' ಇದಕ್ಕೆ ಒಳ್ಳೆಯ ಉದಾಹರಣೆ. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಸೇರಿ ಮಾಡಿದ, ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ರೂಪುಗೊಂಡ, ಒಂದೂ ಮಾತಿಲ್ಲದ ಬೆಕ್ಕಿನ ಕಥೆ. 2024ರ ಮೇನಲ್ಲಿ ಕಾನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು, 2025ರಲ್ಲಿ ಅತ್ಯುತ್ತಮ ಆ್ಯನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಅಮೆರಿಕದ ಹಂಚಿಕೆ ಸೈಡ್‌ಶೋ ಮತ್ತು ಜೇನಸ್ ಫಿಲ್ಮ್ಸ್ ಪಾಲಾಯಿತು. ಅಂದಮೇಲೆ ಅಮೆರಿಕದಲ್ಲಿ ಒಂದು ಆಟ ಹಾಕಲು ರೀಗಾಕ್ಕೆ ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ, ನ್ಯೂಯಾರ್ಕ್‌ಗೆ ಬರೆಯಬೇಕು. ಸಣ್ಣ ಉತ್ಸವಕ್ಕೆ ನಿಜವಾಗಿ ದಕ್ಕುವುದು ದೊಡ್ಡ ಉತ್ಸವಗಳ ಸುತ್ತು ಮುಗಿದು ಸ್ಟ್ರೀಮಿಂಗ್‌ಗೆ ಹೋಗುವ ಮುಂಚಿನ ಚಿತ್ರಗಳು, ಮತ್ತು ಹಂಚಿಕೆದಾರರೇ ಸಿಗದ ಒಳ್ಳೆಯ ಚಿತ್ರಗಳು. ಎರಡನೆಯ ಗುಂಪಿಗಾಗಿಯೇ ಇಂಥ ಉತ್ಸವಗಳು ಇರಬೇಕು ಎಂಬುದು ನನ್ನ ಅಭಿಪ್ರಾಯ.

ಆಯ್ಕೆಯಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಸಂಘಟಕರು ಸಮುದಾಯದವರು, ಸ್ವಯಂಸೇವಕರು ಸಮುದಾಯದವರು, ಮೊದಲು ಟಿಕೆಟ್ ಕೊಳ್ಳುವವರೂ ಅವರೇ. ಹೀಗಾಗಿ ಪಟ್ಟಿ ತನಗೆ ತಾನೇ ಸಮುದಾಯದ ನೆನಪುಗಳ ಕಡೆ ವಾಲುತ್ತದೆ. ಬಾಲ್ಟಿಕ್ ದೇಶಗಳಲ್ಲಿ ಆ ನೆನಪುಗಳು ಭಾರವಾದವು: 1940ರ ಸೋವಿಯತ್ ಆಕ್ರಮಣ, ಮೂರೂ ದೇಶಗಳಿಂದ ಸುಮಾರು 40,000 ಜನರನ್ನು ಹೊತ್ತೊಯ್ದ 1941ರ ಜೂನ್ ಗಡಿಪಾರು, 1949ರ ಮಾರ್ಚ್‌ನಲ್ಲಿ ಮತ್ತೊಂದು. ಆ ವಿಷಯದ ಚಿತ್ರಗಳು ಬೇಕೇ ಬೇಕು. ಆದರೆ ಮೂರು ದಿನದಲ್ಲಿ ಅಂಥವೇ ನಾಲ್ಕು ಹಾಕಿದರೆ, ಏನೂ ಗೊತ್ತಿಲ್ಲದೆ ಬಂದ ಪ್ರೇಕ್ಷಕನಿಗೆ ಎರಡನೆಯದಕ್ಕೇ ಸಾಕಾಗುತ್ತದೆ, ಮರುವರ್ಷ ಅವನು ಬರುವುದಿಲ್ಲ. ಒಂದನ್ನೇ ಆರಿಸಿ, ಅದರ ಕಲೆಗಾಗಿ ಆರಿಸಿ. ಮಾರ್ಟಿ ಹೆಲ್ದೆ ಅವರ 2014ರ ಎಸ್ಟೋನಿಯನ್ ಚಿತ್ರ 'ರಿಸ್ಟ್‌ತೂಲೆಸ್' ಅಂಥದ್ದು. 1941ರ ಗಡಿಪಾರಿನ ಕಥೆ, ಕಪ್ಪು-ಬಿಳುಪು, ಗಡಿಪಾರಿನ ದೃಶ್ಯಗಳಲ್ಲಿ ನಟರು ಇದ್ದಲ್ಲೇ ಅಲುಗಾಡದೆ ನಿಂತಿರುತ್ತಾರೆ, ಕ್ಯಾಮೆರಾ ಮಾತ್ರ ಅವರ ನಡುವೆ ಸುತ್ತುತ್ತದೆ, ಹೆಂಗಸೊಬ್ಬಳ ಪತ್ರಗಳ ಓದು ಕೇಳಿಸುತ್ತದೆ. ಇತಿಹಾಸ ಗೊತ್ತಿಲ್ಲದವರನ್ನೂ ಅದು ಹಿಡಿದು ಕೂರಿಸುತ್ತದೆ.

ಶುಕ್ರವಾರ ಸಂಜೆಯ ಉದ್ಘಾಟನೆಗೆ ಇಂದಿನ ಬದುಕಿನ ಚಿತ್ರ ಇರಲಿ. ಆಯ್ಕೆಗೆ ಬರವಿಲ್ಲ. ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ 2023ರಲ್ಲಿ ವಿಶ್ವ ವಿಭಾಗದ ಎರಡೂ ನಿರ್ದೇಶನ ಪ್ರಶಸ್ತಿಗಳು ಬಾಲ್ಟಿಕ್ ಚಿತ್ರಗಳಿಗೇ ಹೋದವು: ಕಥಾಚಿತ್ರದಲ್ಲಿ ಲಿಥುವೇನಿಯಾದ ಮರಿಯಾ ಕವ್ತರಾಜೆ ಅವರ 'ಸ್ಲೋ'ಗೆ, ಸಾಕ್ಷ್ಯಚಿತ್ರದಲ್ಲಿ ಎಸ್ಟೋನಿಯಾದ ಆನಾ ಹಿಂಟ್ಸ್ ಅವರ 'ಸ್ಮೋಕ್ ಸೌನಾ ಸಿಸ್ಟರ್‌ಹುಡ್'ಗೆ. ಮರುವರ್ಷ ಲೊಕಾರ್ನೊದಲ್ಲಿ ಸೌಲೆ ಬ್ಲ್ಯುವೈತೆ ಅವರ 'ಟಾಕ್ಸಿಕ್'ಗೆ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಲೆಪರ್ಡ್, ಅದೇ ವರ್ಷ ಅಲ್ಲೇ ಲೌರಿನಾಸ್ ಬರೈಶಾ ಅವರಿಗೆ ನಿರ್ದೇಶನ ಪ್ರಶಸ್ತಿ, ಇಬ್ಬರೂ ಲಿಥುವೇನಿಯಾದವರು. ಸಮಾಧಾನಕ್ಕೆ ಕೊಟ್ಟ ಬಹುಮಾನಗಳಲ್ಲ ಇವು. ಈ ಹತ್ತು ವರ್ಷಗಳ ಯುರೋಪಿನ ಅತ್ಯಂತ ಚುರುಕಾದ ಸಿನಿಮಾಗಳಲ್ಲಿ ಕೆಲವು ಈ ಮೂಲೆಯಿಂದ ಬಂದಿವೆ.

ಸಾಕ್ಷ್ಯಚಿತ್ರಕ್ಕೆ ಒಂದು ಆಟವನ್ನಾದರೂ ಮೀಸಲಿಡಿ. 1960ರ ದಶಕದಿಂದ ಬಾಲ್ಟಿಕ್ ಸಿನಿಮಾದ ಬೆನ್ನೆಲುಬು ಅದು. ಒಂದೇ ಒಂದನ್ನು ತೋರಿಸಬಹುದಾದರೆ ನಾನು ಆರಿಸುವುದು ಲಾಟ್ವಿಯಾದ ಹೆರ್ಟ್ಸ್ ಫ್ರಾಂಕ್ ಅವರ 1978ರ 'ಟೆನ್ ಮಿನಿಟ್ಸ್ ಓಲ್ಡರ್'. ಮಕ್ಕಳು ಕತ್ತಲಲ್ಲಿ ಕೂತು ಗೊಂಬೆಯಾಟ ನೋಡುತ್ತಿದ್ದಾರೆ. ಯೂರಿಸ್ ಪೊದ್ನಿಯೆಕ್ಸ್ ಹಿಡಿದ ಕ್ಯಾಮೆರಾ ಒಬ್ಬ ಪುಟ್ಟ ಹುಡುಗನ ಮುಖದ ಮೇಲೆ ನಿಲ್ಲುತ್ತದೆ, ಹತ್ತು ನಿಮಿಷ ಎಲ್ಲೂ ಕತ್ತರಿ ಬೀಳುವುದಿಲ್ಲ. ವೇದಿಕೆಯ ಮೇಲೆ ಏನಾಗುತ್ತಿದೆ ಎಂದು ನಮಗೆ ತೋರಿಸುವುದೇ ಇಲ್ಲ. ಹುಡುಗನ ಹುಬ್ಬು ಗಂಟಿಕ್ಕುತ್ತದೆ, ತುಟಿ ನಡುಗುತ್ತದೆ, ಅಳು ಉಕ್ಕಿ ಬರುತ್ತದೆ, ಮರುಗಳಿಗೆ ನಗು. ಮಾತಿಲ್ಲ, ಸಬ್‌ಟೈಟಲ್ ಬೇಕಿಲ್ಲ. ಇದನ್ನು ಯಾವುದೇ ಕಥಾಚಿತ್ರದ ಮುಂದೆ ಜೋಡಿಸಬಹುದು.

ಹಳೆಯ ಚಿತ್ರ ತರಿಸುವಾಗ ಒಂದು ಎಚ್ಚರ. ಸೋವಿಯತ್ ಕಾಲದಲ್ಲಿ ಟ್ಯಾಲಿನ್‌ಫಿಲ್ಮ್, ರೀಗಾ ಸ್ಟುಡಿಯೊ, ಲಿಥುವೇನಿಯನ್ ಸ್ಟುಡಿಯೊಗಳ ಚಿತ್ರಗಳು ಇಡೀ ಒಕ್ಕೂಟದಲ್ಲಿ ಬಿಡುಗಡೆಯಾಗುವಾಗ ರಷ್ಯನ್‌ಗೆ ಡಬ್ ಆಗುತ್ತಿದ್ದವು. ಒಂದೇ ಚಿತ್ರಕ್ಕೆ ಎರಡು ಧ್ವನಿಪಥಗಳಿರುತ್ತವೆ. ಪತ್ರದಲ್ಲಿ 'ಮೂಲ ಭಾಷೆಯ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್' ಎಂದು ಸ್ಪಷ್ಟವಾಗಿ ಬರೆಯದಿದ್ದರೆ ರಷ್ಯನ್ ಮಾತಾಡುವ ಎಸ್ಟೋನಿಯನ್ ಚಿತ್ರ ಬಂದಿಳಿಯುತ್ತದೆ. ಆ ಪ್ರೇಕ್ಷಕರ ಮುಂದೆ ಅದು ಬರೀ ತಾಂತ್ರಿಕ ತಪ್ಪಾಗಿ ಉಳಿಯುವುದಿಲ್ಲ.

ಈಗ ಪ್ರತಿಯ ವಿಷಯ. ಉತ್ಸವಗಳು ಎಡವುವುದು ಹೆಚ್ಚಾಗಿ ಇಲ್ಲೇ. ಚಿತ್ರಮಂದಿರಕ್ಕೆ ಹೋಗುವುದು ಡಿಸಿಪಿ ಎಂಬ ಫೈಲುಗಳ ಕಟ್ಟು. ಕಥಾಚಿತ್ರವೊಂದಕ್ಕೆ 100ರಿಂದ 200 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್‌ನಲ್ಲಿ 150 ಜಿಬಿ ಇಳಿಸಲು, ಎಲ್ಲ ಸರಿಯಿದ್ದರೆ, ಮೂರು ಗಂಟೆ ಇಪ್ಪತ್ತು ನಿಮಿಷ. ಅದನ್ನು ಮಂದಿರದ ಸರ್ವರ್‌ಗೆ ಏರಿಸಲು ಇನ್ನೊಂದೆರಡು ಗಂಟೆ. ಹತ್ತು ಚಿತ್ರಗಳಾದರೆ ನೀವೇ ಲೆಕ್ಕ ಹಾಕಿ. ಕೊನೆಯ ಚಿತ್ರದ ಡಿಸಿಪಿಯೂ ಉತ್ಸವಕ್ಕೆ ಹತ್ತು ದಿನ ಮುಂಚೆ ಕೈಯಲ್ಲಿರಬೇಕು. ಡಿಸಿಪಿಯ ಹೆಸರನ್ನೇ ಓದಲು ಕಲಿತರೆ ಅರ್ಧ ತಲೆನೋವು ಕಡಿಮೆ: ಪರದೆಯ ಅಳತೆ ಫ್ಲಾಟೋ (ಮಾಮೂಲಿ ಅಗಲ) ಸ್ಕೋಪೋ (ಇನ್ನೂ ಅಗಲ), ಧ್ವನಿಯ ಭಾಷೆ, ಸಬ್‌ಟೈಟಲ್ ಭಾಷೆ, ಸುತ್ತಲಿಂದ ಕೇಳುವ 5.1 ಧ್ವನಿಯೋ ಅಲ್ಲವೋ ಎಲ್ಲ ಅದರಲ್ಲೇ ಇರುತ್ತದೆ. ಸಬ್‌ಟೈಟಲ್ ಜಾಗದಲ್ಲಿ 'ಎಕ್ಸ್‌ಎಕ್ಸ್' ಎಂದಿದ್ದರೆ ಸಬ್‌ಟೈಟಲ್ ಇಲ್ಲ ಎಂದರ್ಥ. ಕೊನೆಯಲ್ಲಿ 'ಓವಿ' ಇದ್ದರೆ ಮೂಲ ಕಟ್ಟು, 'ವಿಎಫ್' ಇದ್ದರೆ ಮೂಲದ ಮೇಲೆ ಕೂರುವ ಪೂರಕ ಕಟ್ಟು. ಇಂಗ್ಲಿಷ್ ಸಬ್‌ಟೈಟಲ್ ಎಷ್ಟೋ ಸಲ ವಿಎಫ್‌ನಲ್ಲಿರುತ್ತದೆ. ಅದೊಂದನ್ನೇ ಕಳಿಸಿ ಓವಿ ಮರೆತರೆ ಸರ್ವರ್ ಚಿತ್ರವನ್ನು ಆಡಿಸುವುದೇ ಇಲ್ಲ.

ಬೀಗ ಹಾಕಿದ ಡಿಸಿಪಿಗೆ ಕೆಡಿಎಂ ಎಂಬ ಕೀಲಿ ಬೇಕು. ಈ ಕೀಲಿ ಒಂದೇ ಸರ್ವರ್‌ಗೆ, ನಿಗದಿತ ಗಂಟೆಗಳಿಗೆ ಮಾತ್ರ. ಮಂದಿರದವರು ನಡುವೆ ಯಂತ್ರದ ಮೀಡಿಯಾ ಬ್ಲಾಕ್ (ಬೀಗ ತೆರೆದು ಚಿತ್ರ ಆಡಿಸುವ ಭಾಗ) ಬದಲಿಸಿದ್ದರೆ ಅದರ ಹಳೆಯ ಡಿಜಿಟಲ್ ಗುರುತಿನ ಪ್ರಮಾಣಪತ್ರಕ್ಕೆ ಮಾಡಿಸಿದ ಕೀಲಿ ತೆರೆಯದು. ಕೀಲಿ ತಯಾರಿಸುವವರು ಯುರೋಪಿನ ಸಮಯ ಹಾಕಿದರೆ ನಿಮ್ಮ ಸಂಜೆ ಆಟದ ನಡುವೆಯೇ ಅದರ ಅವಧಿ ಮುಗಿದುಹೋಗಬಹುದು. ಆದ್ದರಿಂದ ಆಟಕ್ಕೆ 48 ಗಂಟೆ ಮುಂಚಿನಿಂದ 24 ಗಂಟೆ ನಂತರದವರೆಗೆ, ಸ್ಥಳೀಯ ಸಮಯ ನಮೂದಿಸಿ ಕೇಳಿ. ಮುಂಚಿನ ಆ 48 ಗಂಟೆ ಪರೀಕ್ಷೆಗೆ. ಸಣ್ಣ ನಿರ್ಮಾಪಕರಾದರೆ ಬೀಗವಿಲ್ಲದ ಪ್ರತಿ ಕೊಡಲು ಒಪ್ಪುವುದುಂಟು, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಯುರೋಪಿನ ಚಿತ್ರಗಳಲ್ಲಿ ಹೆಚ್ಚಾಗಿ ಕಾಡುವ ಇನ್ನೊಂದು ತೊಡಕು ಫ್ರೇಮ್ ವೇಗ. ಟಿವಿಯ ಹಣ ಸೇರಿದ ಎಷ್ಟೋ ಚಿತ್ರಗಳು ಸೆಕೆಂಡಿಗೆ 25 ಫ್ರೇಮ್, ಸಿನಿಮಾ ಮಾನದಂಡ 24. ಕೆಲವು ಹಳೆಯ ಯಂತ್ರಗಳು 25ನ್ನು ಸರಿಯಾಗಿ ಆಡಿಸುವುದಿಲ್ಲ. 25ರ ಚಿತ್ರವನ್ನು 24ಕ್ಕೆ ಇಳಿಸಿದರೆ 90 ನಿಮಿಷದ ಚಿತ್ರ 93 ನಿಮಿಷ 45 ಸೆಕೆಂಡ್ ಆಗುತ್ತದೆ. ಸಬ್‌ಟೈಟಲ್ ಫೈಲ್ ಹಳೆಯ ವೇಗಕ್ಕೇ ಉಳಿದಿದ್ದರೆ ಮೊದಲ ನಿಮಿಷದಲ್ಲಿ ಎಲ್ಲ ಸರಿ ಕಾಣುತ್ತದೆ. ಹತ್ತನೇ ನಿಮಿಷದ ಹೊತ್ತಿಗೆ ಸಾಲು ಮಾತಿಗಿಂತ ಮುಂದೆ ಓಡುತ್ತದೆ, ಕೊನೆಗೆ ಮೂರೂಮುಕ್ಕಾಲು ನಿಮಿಷದ ಅಂತರ. ಹಾಗಾಗಿ ಮೊದಲ ಐದು ನಿಮಿಷ ನೋಡಿ 'ಓಕೆ' ಅನ್ನಬೇಡಿ. ಆರಂಭ, ನಡು, ಕೊನೆಯ ಹತ್ತು ನಿಮಿಷ ಮೂರನ್ನೂ ಪರದೆಯ ಮೇಲೆಯೇ, ಧ್ವನಿ ಸಮೇತ ನೋಡಿ.

ಸಬ್‌ಟೈಟಲ್‌ನಲ್ಲಿ ಬಾಲ್ಟಿಕ್ ಚಿತ್ರಗಳಿಗೇ ವಿಶೇಷವಾದ ಸಮಸ್ಯೆಯೊಂದಿದೆ. ಪಾತ್ರಗಳು ನಡುನಡುವೆ ರಷ್ಯನ್ ಮಾತಾಡುತ್ತವೆ. ಸ್ವದೇಶದ ಪ್ರತಿಯಲ್ಲಿ ಆ ಮಾತಿಗೆ ಎಸ್ಟೋನಿಯನ್ ಅಥವಾ ಲಾಟ್ವಿಯನ್ ಸಾಲು ಚಿತ್ರದ ಮೇಲೇ ಅಚ್ಚಾಗಿರಬಹುದು. ಅದರ ಮೇಲೆ ಇಂಗ್ಲಿಷ್ ಸಾಲು ಕೂತರೆ ಎರಡೂ ಓದಲು ಬಾರದಂತೆ ಕಲಸಿಹೋಗುತ್ತವೆ. ಪರದೆಯ ಮೇಲೆ ಅಕ್ಷರವಿಲ್ಲದ ಅಂತರರಾಷ್ಟ್ರೀಯ ಪ್ರತಿ ಕೇಳಬೇಕು. ಯಾರು ಯಾವಾಗ ರಷ್ಯನ್‌ಗೆ ಹೊರಳುತ್ತಾರೆ ಎನ್ನುವುದು ಕಥೆಗೆ ಮುಖ್ಯವಾದಾಗ ಒಳ್ಳೆಯ ಸಬ್‌ಟೈಟಲ್‌ಕಾರರು ರಷ್ಯನ್ ಮಾತನ್ನು ಓರೆ ಅಕ್ಷರದಲ್ಲಿ ಕೊಡುತ್ತಾರೆ. ಸಾಮಾನ್ಯ ಅಳತೆ ಎರಡು ಸಾಲು, ಸಾಲಿಗೆ ಸುಮಾರು 40 ಅಕ್ಷರ, ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲದಂತೆ.

ಮೂರು ದಿನಕ್ಕೆ ಒಂಬತ್ತು ಹತ್ತು ಆಟಗಳಿಗಿಂತ ಹೆಚ್ಚು ಹಾಕಬೇಡಿ. 100 ನಿಮಿಷದ ಚಿತ್ರಕ್ಕೆ 25 ನಿಮಿಷ ಸಂವಾದ, 25 ನಿಮಿಷ ಜನ ಹೊರಗೆ ಹೋಗಿ ಒಳಗೆ ಬರಲು. ಅಲ್ಲಿಗೆ ಎರಡೂವರೆ ಗಂಟೆ. ಉದ್ಘಾಟನಾ ಭಾಷಣ ಎಲ್ಲರದೂ ಸೇರಿ ಐದು ನಿಮಿಷ ಸಾಕು. ಮೂವರು ರಾಜತಾಂತ್ರಿಕರು ತಲಾ ಹತ್ತು ನಿಮಿಷ ಮಾತಾಡಿದರೆ ಮುಂದಿನ ಆಟಗಳೆಲ್ಲ ಅರ್ಧ ಗಂಟೆ ತಡ.

ನಿರ್ದೇಶಕರನ್ನು ವಿಡಿಯೊ ಕರೆಯಲ್ಲಿ ತರುವುದಾದರೆ ಗಡಿಯಾರ ನೋಡಿ. ಬಾಸ್ಟನ್‌ನ ಸಂಜೆ ಏಳು ಎಂದರೆ ಟ್ಯಾಲಿನ್, ರೀಗಾ, ವಿಲ್ನಿಯಸ್‌ನಲ್ಲಿ ರಾತ್ರಿ ಎರಡು. ಮಧ್ಯಾಹ್ನ ಒಂದರ ಆಟ ಹಾಕಿದರೆ ಸಂವಾದ ಅವರ ರಾತ್ರಿ ಒಂಬತ್ತೂಮುಕ್ಕಾಲಿಗೆ ಬೀಳುತ್ತದೆ. ಉತ್ಸವ ಮಾರ್ಚ್ ಮಧ್ಯಕ್ಕೆ ಹೋದರೆ ಇನ್ನೊಂದು ಬಲೆ: ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರವೇ ಗಡಿಯಾರ ಮುಂದಕ್ಕೆ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಅಂತರ ಏಳಲ್ಲ, ಆರು ಗಂಟೆ.

ಮನೆಯಲ್ಲೇ ನೋಡುವ ಆನ್‌ಲೈನ್ ವಿಭಾಗ ಬೇರೆಯದೇ ಹಕ್ಕು. ಮಂದಿರಕ್ಕೆ ಒಪ್ಪಿದವರು ಇದಕ್ಕೆ ಒಪ್ಪಬೇಕೆಂದಿಲ್ಲ. ಒಪ್ಪಿದರೂ ಆ ದೇಶದೊಳಗೆ ಮಾತ್ರ ಕಾಣಬೇಕು, ಇಂತಿಷ್ಟೇ ಟಿಕೆಟ್ ಎಂಬ ಷರತ್ತು ಇರುತ್ತದೆ. ಒಪ್ಪಂದದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಬರೆಸಿ.

ಇನ್ನು ನಿಮ್ಮ ಕೂಟದ ಮಾತು. ನಮ್ಮಲ್ಲಿ ರೀಗಾ, ಟ್ಯಾಲಿನ್‌ನಂತೆ ಒಂದೇ ಬಾಗಿಲು ತಟ್ಟಿ ಪಟ್ಟಿ, ಲಿಂಕ್, ಪ್ರತಿ ಎಲ್ಲ ಪಡೆಯುವಂತಿಲ್ಲ. ಒಬ್ಬೊಬ್ಬ ನಿರ್ಮಾಪಕರನ್ನೂ ಬೇರೆಬೇರೆಯಾಗಿ ಹಿಡಿಯಬೇಕು, ಅದಕ್ಕೆ ಬಾಲ್ಟಿಕ್ ಉತ್ಸವದವರಿಗಿಂತ ಎರಡು ತಿಂಗಳು ಹೆಚ್ಚು ಇಟ್ಟುಕೊಳ್ಳಿ. ದೊಡ್ಡ ನಟರ ಚಿತ್ರಗಳು ಹೇಗೂ ಅಮೆರಿಕದ ಮಲ್ಟಿಪ್ಲೆಕ್ಸ್‌ಗೆ ಬರುತ್ತವೆ, ಅವನ್ನು ಬಿಡಿ. ಬಾರದವನ್ನು ತನ್ನಿ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನ ಮಾಡಿಸಿದೆ. ಆ ಹೊಸ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿತು. ಅದೇ ವರ್ಷ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯ್ಕ ಅವರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಹದಿನಾರು ನಿಮಿಷದ ಕನ್ನಡ ಕಿರುಚಿತ್ರ. ಒಂದರ ಮುಂದೆ ಇನ್ನೊಂದನ್ನು ಜೋಡಿಸಿದರೆ ಕನ್ನಡ ಬಾರದ ಸಿನಿಮಾಪ್ರಿಯರಿಗೂ ಹೇಳಿ ಕರೆಯಬಹುದಾದ ಸಂಜೆಯಾಗುತ್ತದೆ.

ಕನ್ನಡ ಪ್ರತಿ ಕೇಳುವಾಗ ನಿರ್ಮಾಪಕರಿಗೆ ನಾಲ್ಕು ವಿಷಯ ಬರೆಯಿರಿ. ಭಾರತದ ಚಿತ್ರಮಂದಿರದ ಪ್ರತಿಯಲ್ಲಿ ಧೂಮಪಾನದ ಎಚ್ಚರಿಕೆ ಸಾಲು ದೃಶ್ಯದ ಮೇಲೇ ಅಚ್ಚಾಗಿರುತ್ತದೆ, ನಡುವೆ 'ವಿರಾಮ' ಎಂದು ಬರುತ್ತದೆ. ಎರಡೂ ಇಲ್ಲದ ಉತ್ಸವ ಪ್ರತಿ ಬೇಕು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಹಾಡುಗಳನ್ನೂ ಅನುವಾದಿಸಿರಬೇಕು, ಎಷ್ಟೋ ಕಡೆ ಹಾಡು ಬಂದೊಡನೆ ಸಾಲುಗಳು ಮಾಯವಾಗುತ್ತವೆ. ಡಿಸಿಪಿ ಬೀಗವಿಲ್ಲದ್ದು ಇರಲಿ, ಏಕೆಂದರೆ ಭಾರತದ ಬಿಡುಗಡೆಗೆ ಮಾಡಿದ ಪ್ರತಿಯು ಮಂದಿರಗಳಿಗೆ ಚಿತ್ರ ಪೂರೈಸುವ ಡಿಜಿಟಲ್ ಸೇವಾ ಕಂಪನಿಗಳ ವ್ಯವಸ್ಥೆಗೆ ಹೊಂದಿಸಿದ್ದು, ಅದು ಬಾಸ್ಟನ್‌ನ ಸರ್ವರ್‌ನಲ್ಲಿ ತೆರೆಯದೇ ಹೋಗಬಹುದು. ನಾಲ್ಕನೆಯದು, ಅಮೆರಿಕದ ಹಕ್ಕನ್ನು ಈಗಾಗಲೇ ಓಟಿಟಿಗೆ ಅಥವಾ ಹಂಚಿಕೆದಾರರಿಗೆ ಮಾರಿದ್ದಾರೆಯೇ ಎಂಬ ಪ್ರಶ್ನೆ. ಇದಕ್ಕೆ ಲಿಖಿತ ಉತ್ತರ ಕೈಗೆ ಬರುವ ತನಕ ಪೋಸ್ಟರ್ ಅಚ್ಚು ಹಾಕಿಸಬೇಡಿ.